ಸೀಸರ್ ಕಣ್ಣು ತುಂಬಿದಾಗ ಅತ್ತವರು ಯಾರು?

ಪ್ರಶ್ನೆ: "ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮಗಳು ಮೊದಲ ಪಿಯುಸಿ, ವಿಜ್ಞಾನ ವಿಭಾಗ. ಕಳೆದ ತಿಂಗಳು ಮನೆಯವರೆಲ್ಲ ಕೂತು 'ವಾರ್ ಫಾರ್ ದಿ ಪ್ಲಾನೆಟ್ ಆಫ್ ದಿ ಏಪ್ಸ್' ನೋಡಿದೆವು. ಸೀಸರ್ ಅನ್ನುವ ಚಿಂಪಾಂಜಿ ಕಣ್ಣು ತುಂಬಿಕೊಂಡಾಗ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನಮ್ಮ ಯಜಮಾನರು 'ಅದೆಲ್ಲ ಕಂಪ್ಯೂಟರ್ ಮಾಡೋದು, ಸುಮ್ನೆ ಅಳ್ತೀಯಲ್ಲ' ಅಂದರು. ಮೈದುನ 'ಈಗ ಎಐ ಒಂದೇ ನಿಮಿಷದಲ್ಲಿ ಮಾಡಿಕೊಡುತ್ತೆ' ಅಂದ. ಅತ್ತೆಯವರು 'ಪಾಪ, ಆ ಪ್ರಾಣಿಗಳನ್ನ ಎಷ್ಟು ಹೊಡೆದು ಕಲಿಸಿರ್ತಾರೋ' ಅಂತ ಮರುಗಿದರು. ಮಗಳು ಮಾತ್ರ 'ಅದರೊಳಗೆ ಒಬ್ಬ ನಟ ಇದ್ದಾನೆ' ಅನ್ನುತ್ತಾಳೆ. ಚಿಂಪಾಂಜಿಗೆ ನಿಜವಾಗಿಯೂ ಮಾತು ಕಲಿಸಬಹುದಾ ಅಂತಲೂ ಕೇಳುತ್ತಾಳೆ. ಈಗ ಇದೇ ಕೆಲಸ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನ ಒಂದು ಸಂಸ್ಥೆಗೆ ಫೋನ್ ಮಾಡಿದರೆ ಲಕ್ಷಗಟ್ಟಲೆ ಫೀಸು ಹೇಳಿದರು, ಈ ವಾರವೇ ಕಟ್ಟಿದರೆ ರಿಯಾಯಿತಿ ಅಂತೆ. ಇದರಲ್ಲಿ ಮನುಷ್ಯರ ಕೆಲಸ ಅಂತ ಏನಾದರೂ ಇದೆಯಾ? ಓದಿಸಬಹುದಾ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಫೀಸಿನ ಬಗ್ಗೆ. ಆದರೆ ನಿಮ್ಮ ನಿಜವಾದ ಚಿಂತೆ ಬೇರೆ ಇದೆ ಅನಿಸಿತು. ಯಂತ್ರವೇ ಮಾಡುವ ಕೆಲಸಕ್ಕೆ ಮಗಳು ಆಸೆ ಪಡುತ್ತಿದ್ದಾಳಾ, ನಾಳೆ ಕೈಯಲ್ಲಿ ಏನೂ ಇಲ್ಲದೆ ಕೂರಬೇಕಾಗುತ್ತದಾ ಅನ್ನುವ ಭಯ ಅದು. ನಾನು ಹದಿನೇಳು ವರ್ಷದಿಂದ ಬೆಂಗಳೂರಿನಲ್ಲಿ ವಿಎಫ್‌ಎಕ್ಸ್, ಅಂದರೆ ಸಿನಿಮಾ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಈ ಏಪ್ಸ್ ಚಿತ್ರಗಳಲ್ಲಿ ನನ್ನ ಪಾಲು ಇಲ್ಲ. ಅದೇ ಬಗೆಯ ಪ್ರಾಣಿಗಳನ್ನು ಬೇರೆ ಚಿತ್ರಗಳಿಗೆ ಮಾಡಿದ್ದೇನೆ. ನಿಮ್ಮ ಮನೆಯ ನಾಲ್ಕೂ ಜನರ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ಯಾರದೂ ಪೂರ್ತಿ ನಿಜ ಅಲ್ಲ.

ಮೊದಲು ಅತ್ತೆಯವರಿಗೆ ಸಮಾಧಾನ ಹೇಳಿ. 2011ರ 'ರೈಸ್', 2014ರ 'ಡಾನ್', ನೀವು ನೋಡಿದ 2017ರ 'ವಾರ್', 2024ರ 'ಕಿಂಗ್‌ಡಮ್', ಈ ನಾಲ್ಕರಲ್ಲೂ ತೆರೆಯ ಮೇಲಿನ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ ಒಂದೂ ಜೀವಂತ ಪ್ರಾಣಿ ಅಲ್ಲ. ಎಲ್ಲವನ್ನೂ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿರುವ ವೆಟಾ ಸ್ಟುಡಿಯೋ ಕಟ್ಟಿತು.

ಆದರೂ ಅತ್ತೆಯವರ ಮರುಕ ಸುಳ್ಳಲ್ಲ. ಹಳೆಯ ಸಿನಿಮಾ, ಜಾಹೀರಾತುಗಳಲ್ಲಿ ಕಾಣುತ್ತಿದ್ದ ಚಿಂಪಾಂಜಿಗಳು ಹೆಚ್ಚಾಗಿ ಮರಿಗಳು. ಕಾಡಿನಲ್ಲಿ ಮರಿ ನಾಲ್ಕೈದು ವರ್ಷ ತಾಯಿಯ ಹಾಲು ಕುಡಿಯುತ್ತದೆ, ಆಮೇಲೂ ವರ್ಷಗಟ್ಟಲೆ ತಾಯಿಯನ್ನು ಬಿಟ್ಟಿರುವುದಿಲ್ಲ. ಕ್ಯಾಮೆರಾಕ್ಕೆ ಪಳಗಿಸಲು ಅದನ್ನು ಎಳೆತನದಲ್ಲೇ ಬಿಡಿಸುತ್ತಿದ್ದರು. ಏಳೆಂಟು ವರ್ಷ ಆಗುವಷ್ಟರಲ್ಲಿ ಮೈಯಲ್ಲಿ ಬಲ ಬಂದು ಮನುಷ್ಯರ ನಡುವೆ ಇರಿಸಿಕೊಳ್ಳುವುದು ಅಪಾಯವಾಗುತ್ತಿತ್ತು. ಅಲ್ಲಿಗೆ ಅದರ ನಟನೆ ಮುಗಿಯುತ್ತಿತ್ತು. ಚಿಂಪಾಂಜಿ ಐವತ್ತು ವರ್ಷ ಬದುಕಬಲ್ಲ ಪ್ರಾಣಿ. ಉಳಿದ ನಲವತ್ತು ವರ್ಷ ಅದು ಎಲ್ಲಿರಬೇಕು?

ಇನ್ನೊಂದು ವಿಷಯ ತಿಳಿದ ಮೇಲೆ ನನಗೆ ಆ ಹಳೆಯ ಚಿತ್ರಗಳನ್ನು ನೋಡಲು ಆಗುತ್ತಿಲ್ಲ. ಅಂಗಿ ಚಡ್ಡಿ ತೊಟ್ಟ ಚಿಂಪಾಂಜಿ ಎರಡೂ ಸಾಲು ಹಲ್ಲು ಕಿರಿದು ನಿಂತ ಫೋಟೋ ನೀವೂ ನೋಡಿರುತ್ತೀರಿ. ನಾವು ಅದನ್ನು ನಗು ಅಂದುಕೊಂಡೆವು. ಚಿಂಪಾಂಜಿ ಹಾಗೆ ಹಲ್ಲು ತೋರಿಸುವುದು ಹೆಚ್ಚಾಗಿ ಹೆದರಿದಾಗ, ಇಲ್ಲವೇ ತನಗಿಂತ ಬಲಶಾಲಿಯ ಮುಂದೆ ತಗ್ಗಿದಾಗ. ಆಟದ ಖುಷಿಯಲ್ಲಿ ಅದರ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ಸಾಮಾನ್ಯವಾಗಿ ತುಟಿಯ ಹಿಂದೆಯೇ ಇರುತ್ತದೆ. ಅಂದರೆ ಎಷ್ಟೋ 'ನಗುವ' ಚಿಂಪಾಂಜಿಗಳು ಕ್ಯಾಮೆರಾದ ಮುಂದೆ ಹೆದರಿ ನಿಂತಿದ್ದವು. ನಮ್ಮ ದೇಶದಲ್ಲಿ 1998ರಲ್ಲೇ ಕೋತಿ, ಕರಡಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದು ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಡಿಜಿಟಲ್ ಪ್ರಾಣಿ ಬಂದಿದ್ದರಿಂದ ಬೇರೆ ಏನೇ ನಷ್ಟ ಆಗಿರಲಿ, ಈ ಒಂದು ಲಾಭ ದೊಡ್ಡದು.

ಈಗ ಮಗಳ ಮಾತಿಗೆ ಬರೋಣ. ಅದರೊಳಗೆ ಒಬ್ಬ ನಟ ಇರುವುದು ನಿಜ. ಆ ನಾಲ್ಕರಲ್ಲಿ ಮೊದಲ ಮೂರರಲ್ಲೂ ಸೀಸರ್ ಆಗಿ ನಟಿಸಿದ್ದು ಆಂಡಿ ಸರ್ಕಿಸ್. 2002ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರದ ಗಾಲಮ್ ಎನ್ನುವ ಜೀವಿ ಆಗಿದ್ದವರೂ ಅವರೇ, 2005ರಲ್ಲಿ ಕಿಂಗ್ ಕಾಂಗ್ ಆಗಿದ್ದವರೂ ಅವರೇ. 1968ರ ಮೊದಲ ಏಪ್ಸ್ ಚಿತ್ರದಲ್ಲಿ ನಟರ ಮುಖಕ್ಕೆ ರಬ್ಬರಿನಂಥ ತುಂಡುಗಳನ್ನು ಅಂಟಿಸಿ ವಾನರ ಮಾಡಿದ್ದರು. ಆ ಮೇಕಪ್ಪಿಗೆ ಜಾನ್ ಚೇಂಬರ್ಸ್ ಅವರಿಗೆ ವಿಶೇಷ ಆಸ್ಕರ್ ಸಿಕ್ಕಿತು. ಆಗ ಮೇಕಪ್ಪಿಗೆ ಅಂತ ಪ್ರತ್ಯೇಕ ಆಸ್ಕರ್ ಕೂಡ ಇರಲಿಲ್ಲ. ಈಗ ನಟನ ಮೈಮೇಲೆ ಬೂದು ಬಣ್ಣದ ಬಿಗಿ ಉಡುಪು, ಅದರ ತುಂಬ ಗುರುತುಗಳು. ಮುಖದ ತುಂಬ ಚುಕ್ಕೆಗಳು. ತಲೆಗೆ ಕಟ್ಟಿದ ಒಂದು ಕಡ್ಡಿಯ ತುದಿಯಲ್ಲಿ ಪುಟ್ಟ ಕ್ಯಾಮೆರಾ. ಅದು ಮುಖವನ್ನೇ ನೋಡುತ್ತಿರುತ್ತದೆ. ಹೀಗೆ ಸಿಕ್ಕ ಚಲನೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದ ಚಿಂಪಾಂಜಿಗೆ ಕೊಡುತ್ತಾರೆ.

ಮೊದಲೆಲ್ಲ ಇದನ್ನು ಸ್ಟುಡಿಯೋದ ಒಳಗೆ, ಬೇರೆಯಾಗಿ ಮಾಡುತ್ತಿದ್ದರು. 2011ರಲ್ಲಿ ವೆಟಾ ತಂಡ ಅದನ್ನು ಹೊರಗಿನ ಸೆಟ್ಟಿಗೆ ತಂದಿತು. ಬಿಸಿಲಿನಲ್ಲೂ ಕಾಣುವ ಹಾಗೆ ಮೈಮೇಲಿನ ಗುರುತುಗಳೇ ಇನ್‌ಫ್ರಾರೆಡ್ ಬೆಳಕು ಬಿಡುವಂತೆ ಮಾಡಿದರು. 2014ರ ಚಿತ್ರಕ್ಕೆ ವ್ಯಾಂಕೂವರ್ ಬಳಿಯ ಕಾಡಿನ ಮಳೆ, ಕೆಸರಿಗೇ ಹೋದರು. ಇದರಿಂದ ಎದುರಿನ ನಟ ಗಾಳಿಗೆ ಮಾತಾಡಬೇಕಾಗಲಿಲ್ಲ. ಸರ್ಕಿಸ್ ಅವರ ಕಣ್ಣನ್ನೇ ನೋಡಿ ಮಾತಾಡಿದ. ನಿಮ್ಮ ಮಗಳನ್ನು ಅಳಿಸಿದ್ದರಲ್ಲಿ ಒಂದು ಪಾಲು ಇದರದ್ದು.

ಒರಾಂಗುಟಾನ್ ಮಾರಿಸ್ ನೆನಪಿದೆ ಅಲ್ವಾ? ಅದನ್ನು ಆಡಿದವರು ಒಬ್ಬ ಹೆಂಗಸು, ಕ್ಯಾರಿನ್ ಕೊನೊವಲ್. ಪಾತ್ರಕ್ಕಾಗಿ ಅವರು ಸಿಯಾಟಲ್ ಮೃಗಾಲಯಕ್ಕೆ ಹೋಗಿ ಟೋವನ್ ಎನ್ನುವ ಒರಾಂಗುಟಾನ್ ಜೊತೆ ಒಡನಾಟ ಬೆಳೆಸಿಕೊಂಡರು. ಉಳಿದ ನಟರಿಗೆ ವಾನರರ ಹಾಗೆ ನಡೆಯುವುದನ್ನು ಟೆರಿ ನೊಟರಿ ಕಲಿಸಿದರು. ಕೈಗೆ ಮೋಟು ಊರುಗೋಲಿನಂಥ ಸಾಧನ ಹಿಡಿದು ನಾಲ್ಕು ಕಾಲಲ್ಲಿ ಓಡುವ ಅಭ್ಯಾಸ ಅದು. ಒಂದು ಬೆಳಗ್ಗೆ ಕಚೇರಿಯಲ್ಲಿ ನಾವೂ ಹಾಗೆ ಓಡಿ ನೋಡಿದ್ದೆವು. ಹತ್ತು ನಿಮಿಷಕ್ಕೆ ಭುಜ ಹಿಡಿದುಕೊಂಡಿತು.

ಹಾಗಾದರೆ ನಟನೇ ಎಲ್ಲ ಮಾಡಿದನಾ? ಇಲ್ಲ. ಸರ್ಕಿಸ್ ಒಮ್ಮೆ ಈ ತಂತ್ರವನ್ನು 'ಡಿಜಿಟಲ್ ಮೇಕಪ್' ಅಂದಾಗ ಅನಿಮೇಟರುಗಳಿಗೆ ಬೇಸರವಾಯಿತು. ಆ ಬೇಸರ ನನಗೆ ಅರ್ಥವಾಗುತ್ತದೆ.

ಕಾರಣ ಇಷ್ಟು. ಮನುಷ್ಯನಿಗೆ ಕಾಲು ಉದ್ದ, ಕೈ ಗಿಡ್ಡ. ಚಿಂಪಾಂಜಿಗೆ ಕೈಯೇ ಉದ್ದ. ನಟನ ಚಲನೆಯನ್ನು ಇದ್ದ ಹಾಗೇ ಅದರ ಮೂಳೆಗಳಿಗೆ ಕೊಟ್ಟರೆ ಕೈ ನೆಲದೊಳಗೆ ಹೂತುಹೋಗುತ್ತದೆ, ಭಾರ ಎಲ್ಲಿ ಬೀಳುತ್ತಿದೆ ಅಂತ ತಿಳಿಯುವುದಿಲ್ಲ. ಮುಖದಲ್ಲಿ ಇನ್ನೂ ಕಷ್ಟ. ಚಿಂಪಾಂಜಿಗೆ ನಮ್ಮ ಹಾಗೆ ಎದ್ದ ಮೂಗಿಲ್ಲ, ಗದ್ದ ಇಲ್ಲ. ಬಾಯಿ ಮುಂದೆ ಚಾಚಿದೆ. ತುಟಿ ಉದ್ದ, ಹುಬ್ಬಿನ ಮೂಳೆ ಮೇಲೆದ್ದಿದೆ. ನಟನ ತುಟಿಯ ಅಂಚು ಅರ್ಧ ಇಂಚು ಹಿಂದೆ ಸರಿದರೆ ಅದು ದುಃಖ. ಅದೇ ಅರ್ಧ ಇಂಚನ್ನು ಚಿಂಪಾಂಜಿಯ ತುಟಿಗೆ ಕೊಟ್ಟರೆ ಹಲ್ಲು ಕಾಣುತ್ತದೆ. ಆಗಲೇ ಹೇಳಿದೆನಲ್ಲ, ಹಲ್ಲು ಕಂಡರೆ ಅದು ಹೆದರಿಕೆ. ದೃಶ್ಯದ ಅರ್ಥವೇ ಬದಲಾಗಿಬಿಡುತ್ತದೆ.

ಇದಕ್ಕೊಂದು ಭಾಷೆ ಇದೆ. 1978ರಲ್ಲಿ ಪಾಲ್ ಎಕ್‌ಮನ್, ವಾಲೆಸ್ ಫ್ರೀಸನ್ ಎನ್ನುವ ಮನಶ್ಶಾಸ್ತ್ರಜ್ಞರು ಮನುಷ್ಯನ ಮುಖದ ಒಂದೊಂದು ಸ್ನಾಯುವಿನ ಚಲನೆಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಆಮೇಲೆ ಚಿಂಪಾಂಜಿಯ ಮುಖಕ್ಕೂ ಅಂಥದ್ದೇ ಪಟ್ಟಿ ಬಂತು. ನಟನ ಮುಖದಲ್ಲಿ ಯಾವ ಸ್ನಾಯು ಎಷ್ಟು ಕೆಲಸ ಮಾಡಿತು ಅಂತ ಮೊದಲು ಲೆಕ್ಕ ಹಾಕುತ್ತಾರೆ. ಆಮೇಲೆ ಅನಿಮೇಟರ್ ಕೂತು ಎರಡೂ ಮುಖಗಳನ್ನು ಪಕ್ಕಪಕ್ಕ ಇಟ್ಟು ಕೇಳಿಕೊಳ್ಳುತ್ತಾನೆ: ಈ ನೋವನ್ನು ಈ ಮುಖ ಹೇಗೆ ಹೇಳುತ್ತಿತ್ತು? ಸೆಕೆಂಡಿಗೆ 24 ಚಿತ್ರ. ಒಂದೊಂದರಲ್ಲೂ ಕಣ್ಣುರೆಪ್ಪೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತಾನೆ.

ಕಣ್ಣಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಈ ಕೆಲಸ ನಿಲ್ಲುವುದೂ ಬೀಳುವುದೂ ಅಲ್ಲೇ. ಇವತ್ತು ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ಅಂಚನ್ನು ನೋಡಿ. ಕಣ್ಣುಗುಡ್ಡೆ ರೆಪ್ಪೆಗೆ ತಾಗುವ ಕಡೆ ತೆಳುವಾದ ನೀರಿನ ಗೆರೆ ಇರುತ್ತದೆ, ಕಿಟಕಿಯ ಬೆಳಕು ಅದರಲ್ಲಿ ಸಣ್ಣಗೆ ಹೊಳೆಯುತ್ತದೆ. ಡಿಜಿಟಲ್ ಮುಖದಲ್ಲಿ ಆ ಗೆರೆ ಇಲ್ಲದಿದ್ದರೆ ಕಣ್ಣು ಗೋಲಿಯ ಹಾಗೆ ಸತ್ತಂತೆ ಕಾಣುತ್ತದೆ. ಅಳು ಬರುವ ಮುಂಚೆ ಕೆನ್ನೆಗೆ ನೀರು ಇಳಿಯುವುದಿಲ್ಲ. ಮೊದಲು ಆ ಗೆರೆ ದಪ್ಪವಾಗುತ್ತದೆ, ಹೊಳಪು ನಡುಗುತ್ತದೆ. ನೋಡುವವರಿಗೆ ಯಾಕೆ ಅಂತ ಗೊತ್ತಾಗುವ ಮುಂಚೆಯೇ ಗಂಟಲು ಬಿಗಿಯುತ್ತದೆ. ನಿಮ್ಮ ಮಗಳು ಅತ್ತಿದ್ದು ಬಹುಶಃ ಆ ಕ್ಷಣದಲ್ಲಿ. ಹಾಗಾಗಿ ಅವಳು ಸುಮ್ನೆ ಅತ್ತಿಲ್ಲ. ಒಬ್ಬ ನಟನ ನೋವಿಗೆ, ಅದನ್ನು ವಾರಗಟ್ಟಲೆ ಕೂತು ನೋಡಿ ನೋಡಿ ಮುಟ್ಟಿಸಿದ ಹತ್ತಾರು ಜನರ ಶ್ರಮಕ್ಕೆ ಅತ್ತಿದ್ದಾಳೆ. ಯಜಮಾನರಿಗೆ ಇಷ್ಟನ್ನು ನನ್ನ ಪರವಾಗಿ ಹೇಳಿ.

ಕಾಣದ ಕೈಗಳು ಇನ್ನೂ ಇವೆ. 'ವಾರ್' ಚಿತ್ರದಲ್ಲಿ ಗೊರಿಲ್ಲಾ ಲೂಕಾ ಆ ಮೂಕ ಹುಡುಗಿ ನೋವಾಗೆ ಹೂ ಮುಡಿಸುವ ದೃಶ್ಯ ಇದೆ. ಇಂಥ ಕಡೆ ಮಗುವಿನ ಹತ್ತಿರ ನಿಜವಾಗಿ ಹೋಗಿದ್ದು ಬೂದು ಉಡುಪಿನ ಮನುಷ್ಯನ ಕೈ. ಗೊರಿಲ್ಲಾದ ಕೈ ಅದಕ್ಕಿಂತ ದಪ್ಪ, ಆಕಾರ ಬೇರೆ. ಎಲ್ಲೆಲ್ಲಿ ಡಿಜಿಟಲ್ ಕೈ ಮುಚ್ಚುವುದಿಲ್ಲವೋ ಅಲ್ಲೆಲ್ಲ ನಟನನ್ನು ಅಳಿಸಿ ಹಿಂದಿನ ಹಿಮ, ಮರ, ಮಗುವಿನ ಕೂದಲನ್ನು ಮತ್ತೆ ತುಂಬಬೇಕು. ಇದಕ್ಕೆ ರೋಟೋ, ಪೇಂಟ್ ಅನ್ನುತ್ತೇವೆ. ನಾನು ಈ ಕ್ಷೇತ್ರಕ್ಕೆ ಬಂದಿದ್ದು ಅಲ್ಲಿಂದಲೇ. ಮೊದಲ ಕೆಲಸ, ಗಾಳಿಗೆ ಹಾರುವ ಒಬ್ಬ ನಟಿಯ ಕೂದಲಿನ ಸುತ್ತ ಗೆರೆ ಎಳೆಯುವುದು. ಮೂರು ಸೆಕೆಂಡಿನ ಶಾಟ್, ಒಂದು ವಾರ ಹಿಡಿಯಿತು. ಕೆಲಸ ಸರಿಯಾಗಿದ್ದರೆ ಯಾರಿಗೂ ಕಾಣಬಾರದು. ಅದಕ್ಕೇ ಅಮ್ಮನಿಗೆ ತೋರಿಸಿದಾಗ 'ಇದರಲ್ಲಿ ನೀನು ಮಾಡಿದ್ದು ಯಾವುದು?' ಅಂದಳು.

ಮಾತಿನ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಅಮೆರಿಕದಲ್ಲಿ ವಿಕಿ ಎನ್ನುವ ಚಿಂಪಾಂಜಿಯನ್ನು ಮನೆ ಮಗುವಿನ ಹಾಗೆ ಸಾಕಿ ಮಾತು ಕಲಿಸಲು ನೋಡಿದರು. ವರ್ಷಗಟ್ಟಲೆ ಹೆಣಗಿದ ಮೇಲೆ ಮಾಮಾ, ಪಾಪಾ, ಕಪ್ ಎನ್ನುವಂಥ ನಾಲ್ಕು ಪದ ಉಸಿರಿನಲ್ಲಿ ಹೇಳಿತು, ಅಷ್ಟೇ. ವಾಶೋ ಎನ್ನುವ ಇನ್ನೊಂದು ಚಿಂಪಾಂಜಿ ಕೈಸನ್ನೆಯಲ್ಲಿ ನೂರಕ್ಕೂ ಹೆಚ್ಚು ಪದ ಕಲಿಯಿತು. ಅದನ್ನು ಭಾಷೆ ಅನ್ನಬಹುದೇ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಾರೆ. ಬಹಳ ಕಾಲ ಗಂಟಲಿನ ರಚನೆಯೇ ಅಡ್ಡಿ ಅಂದುಕೊಂಡಿದ್ದರು. 2016ರಲ್ಲಿ ಮಕಾಕ್ ಕೋತಿಗಳ ಮೇಲೆ ನಡೆದ ಅಧ್ಯಯನ ಬೇರೆ ಮಾತು ಹೇಳಿತು. ಅವುಗಳ ಗಂಟಲು, ಬಾಯಿಯಿಂದ ಅರ್ಥವಾಗುವಷ್ಟು ಮಾತಿನ ಸದ್ದು ಹೊರಡಬಹುದು, ಅದನ್ನು ಆಡಿಸುವ ಮಿದುಳಿನ ಹಿಡಿತ ಇಲ್ಲ ಅಂತ. ಸಿನಿಮಾದಲ್ಲಿ ತಾಯಿಗೆ ಕೊಟ್ಟ ಔಷಧಿಯಿಂದ ಸೀಸರನ ಮಿದುಳು ಬದಲಾಗಿದ್ದು ಅಷ್ಟರ ಮಟ್ಟಿಗೆ ಜಾಣ ಕಲ್ಪನೆ. ಅಂದಹಾಗೆ, ಚಿಂಪಾಂಜಿಯನ್ನು ಮಂಗ ಅನ್ನಬೇಡಿ ಅಂತ ಮಗಳಿಗೆ ಹೇಳಿ. ಅದಕ್ಕೆ ಬಾಲ ಇಲ್ಲ. ವಾನರ ಅನ್ನೋಣ ಅಂದರೆ ನಮ್ಮ ಕಥೆಗಳ ವಾನರರಿಗೆ ಬಾಲವೇ ದೊಡ್ಡ ಗುರುತು. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪದ ಬೇಕಾಗಿದೆ.

ಇನ್ನು ಮೈದುನನ ಎಐ. ಒಂದು ನಿಮಿಷದಲ್ಲಿ ಚಂದದ ಚಿಂಪಾಂಜಿ ಬರುತ್ತದೆ, ಸುಳ್ಳಲ್ಲ. ಆದರೆ ನಿರ್ದೇಶಕ 'ಇದೇ ಮುಖ, ಇದೇ ಬೆಳಕು ಇರಲಿ, ಕೆಳತುಟಿ ನಡುಗುವ ಮೊದಲು ಒಂದು ಕ್ಷಣ ತಡೆಯಲಿ, ಎರಡು ಗಂಟೆಯ ಚಿತ್ರದ ಉದ್ದಕ್ಕೂ ಇದೇ ಸೀಸರ್ ಇರಲಿ' ಅಂದರೆ ಇವತ್ತಿನ ಮಟ್ಟಿಗೆ ಅದು ತಡವರಿಸುತ್ತದೆ. ನಮ್ಮ ಕೆಲಸದ ಒಳಗೆ ಮಾತ್ರ ಯಂತ್ರ ಕಲಿಕೆ (ಎಐಯ ಒಂದು ಬಗೆ) ಆಗಲೇ ಬಂದಿದೆ. ಮುಖದ ಚುಕ್ಕೆಗಳನ್ನು ಓದುವುದು, ರೋಟೋದ ಮೊದಲ ಗೆರೆ ಎಳೆಯುವುದು, ಇಂಥ ಕಡೆ ಅದು ಸಮಯ ಉಳಿಸುತ್ತದೆ. ಇದರಲ್ಲೇ ನಿಮ್ಮ ಮಗಳಿಗೆ ಸಂಬಂಧಿಸಿದ ಕಹಿ ಸುದ್ದಿ ಇದೆ. ನಾನು ಹತ್ತಿದ ಮೊದಲ ಮೆಟ್ಟಿಲು ರೋಟೋ. ಅವಳು ಕಲಿತು ಬರುವ ಹೊತ್ತಿಗೆ ಆ ಮೆಟ್ಟಿಲು ಇಷ್ಟು ಅಗಲ ಇರುವುದಿಲ್ಲ. ಬರೀ ಸಾಫ್ಟ್‌ವೇರಿನ ಗುಂಡಿ ಒತ್ತಲು ಕಲಿಸುವ ಕೋರ್ಸಿಗೆ ಲಕ್ಷಗಟ್ಟಲೆ ಕೊಡಬೇಡಿ ಅನ್ನುವುದು ಅದಕ್ಕೇ.

ಈ ಕ್ಷೇತ್ರದ ಕಷ್ಟವನ್ನೂ ಮುಚ್ಚಿಡುವುದಿಲ್ಲ. ಹುಲಿಯ ಜೊತೆ ದೋಣಿಯಲ್ಲಿ ಸಿಕ್ಕಿಬಿದ್ದ ಹುಡುಗನ 'ಲೈಫ್ ಆಫ್ ಪೈ'ಗೆ ಹುಲಿ ಮಾಡಿದ್ದು ರಿದಮ್ ಅಂಡ್ ಹ್ಯೂಸ್ ಕಂಪನಿ. 2013ರ ಫೆಬ್ರುವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಚಿತ್ರದ ವಿಎಫ್‌ಎಕ್ಸ್‌ಗೆ ಆಸ್ಕರ್ ಬಂತು. 2016ರ 'ಜಂಗಲ್ ಬುಕ್' ಚಿತ್ರದ ಪ್ರಾಣಿಗಳಲ್ಲಿ ಬೆಂಗಳೂರಿನ ಕಲಾವಿದರ ಕೈಯೂ ಇತ್ತು, ಅದಕ್ಕೂ ಆಸ್ಕರ್ ಸಿಕ್ಕಿತು. ಆದರೆ 2025ರ ಫೆಬ್ರುವರಿಯಲ್ಲಿ ಒಂದು ದೊಡ್ಡ ವಿದೇಶಿ ಸಮೂಹ ಕುಸಿದಾಗ ಇದೇ ಬೆಂಗಳೂರಿನಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಒಳ್ಳೆಯ ಕೆಲಸ ಮಾಡಿದವರಿಗೆ ಕೆಲಸ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲಿಲ್ಲ. ಹೊರದೇಶದ ಚಿತ್ರಗಳು ಬಂದರೆ ರಾತ್ರಿ ಹಗಲು ದುಡಿಮೆ, ಬಾರದಿದ್ದರೆ ಮನೆ. ಮೊದಲ ವರ್ಷಗಳ ಸಂಬಳ ಸಣ್ಣದು. ಸಾಲ ಮಾಡಿ ಓದಿಸಿದರೆ ಕಂತು ಕಟ್ಟುವುದೇ ಕಷ್ಟವಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಆ ಸಂಸ್ಥೆಗೆ ಈ ವಾರ ದುಡ್ಡು ಕಟ್ಟಬೇಡಿ. ಒಳ್ಳೆಯ ಕಲಿಕೆಗೆ ಒಂದು ವಾರದ ಗಡುವು ಇರುವುದಿಲ್ಲ. ನಿಜವಾಗಿಯೂ ಆಸಕ್ತಿ ಇದ್ದರೆ ಹೋಗಿ ತರಗತಿ ನೋಡಿ. ಹೋದ ವರ್ಷ ಮುಗಿಸಿದ ಮಕ್ಕಳು ತಾವೇ ಮಾಡಿದ ಕೆಲಸದ ವಿಡಿಯೋ ಕೇಳಿ. ಅವರಲ್ಲಿ ಇಬ್ಬರ ಹತ್ತಿರವಾದರೂ ನೇರವಾಗಿ ಮಾತಾಡಿ. ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಅಂತ ಬರೆಸಿಕೊಳ್ಳಿ.

ಪಿಯುಸಿ ಆದ ಮೇಲೆ ವಿನ್ಯಾಸ ಅಥವಾ ದೃಶ್ಯಕಲೆಯ ಪದವಿ ಒಂದು ದಾರಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ. ಎನ್‌ಐಡಿಯ ಸೀಟಿಗೆ ಪೈಪೋಟಿ ವಿಪರೀತ, ಸಿಗದಿದ್ದರೆ ವರ್ಷ ಕಾಯಬೇಕಾಗಬಹುದು. ಕಲಾ ಪದವಿಯಲ್ಲಿ ಸಾಫ್ಟ್‌ವೇರ್ ಕಡಿಮೆ, ಅದನ್ನು ತಾನೇ ಕಲಿಯಬೇಕಾಗುತ್ತದೆ. ಆದರೆ ಕಣ್ಣು, ಕೈ ಪಳಗುತ್ತವೆ. ಯಾವುದೋ ಪದವಿ ಓದುತ್ತ ಮನೆಯಲ್ಲೇ ಬ್ಲೆಂಡರ್ ಎನ್ನುವ ಅನಿಮೇಷನ್ ಸಾಫ್ಟ್‌ವೇರ್ ಕಲಿಯುವುದು ಇನ್ನೊಂದು ದಾರಿ. ಬ್ಲೆಂಡರ್ ಪೂರ್ತಿ ಉಚಿತ. ಒಂದು ಗಟ್ಟಿ ಕಂಪ್ಯೂಟರ್ ಮಾತ್ರ ಬೇಕು. ಇಲ್ಲಿನ ತೊಂದರೆ ಅಂದರೆ ತಪ್ಪು ತಿದ್ದುವವರು ಹತ್ತಿರ ಇರುವುದಿಲ್ಲ, ತಪ್ಪೇ ಅಭ್ಯಾಸವಾಗಿಬಿಡುತ್ತದೆ.

ನಿಮ್ಮ ಮಗಳಿಗೆ ಇನ್ನೊಂದು ದಾರಿಯೂ ಇದೆ, ಬಹಳ ಜನ ಅದನ್ನು ಮರೆಯುತ್ತಾರೆ. ಒದ್ದೆ ತುಪ್ಪಳ ಮೈಗೆ ಹೇಗೆ ಅಂಟಿಕೊಳ್ಳಬೇಕು, ಹಿಮ ಕೂದಲಿನ ಮೇಲೆ ಹೇಗೆ ಕೂರಬೇಕು, ಚರ್ಮದ ಒಳಗೆ ಬೆಳಕು ಎಷ್ಟು ಇಳಿಯಬೇಕು, ಇದೆಲ್ಲ ಭೌತಶಾಸ್ತ್ರ ಮತ್ತು ಗಣಿತ. ಇವುಗಳಿಗೆ ಪ್ರೋಗ್ರಾಂ ಬರೆಯುವವರು ಸ್ಟುಡಿಯೋಗಳಲ್ಲಿ ಇದ್ದೇ ಇರುತ್ತಾರೆ. ಗಣಿತ ಇಷ್ಟವಿದ್ದರೆ ಕಂಪ್ಯೂಟರ್ ಸೈನ್ಸ್ ಓದಿ ಈ ಕಡೆ ಬರಬಹುದು. ಸಿನಿಮಾ ಕೆಲಸ ಕೈಬಿಟ್ಟರೂ ಆ ಪದವಿ ಕೈಬಿಡುವುದಿಲ್ಲ. ಕಷ್ಟ ಒಂದೇ, ನಾಲ್ಕು ವರ್ಷದ ಓದಿನ ನಡುವೆ ಚಿತ್ರ ಬಿಡಿಸುವುದು ನಿಂತುಹೋಗಬಹುದು. ನನ್ನ ಮಗಳಾಗಿದ್ದರೆ ನಾನು ಹೇಳುತ್ತಿದ್ದುದು ಇಷ್ಟು: ಎರಡನೇ ಪಿಯುಸಿಯವರೆಗೆ ವಿಜ್ಞಾನ ಬಿಡಬೇಡ, ದಿನಾ ಚಿತ್ರ ಬಿಡಿಸು, ಆಮೇಲೆ ತೀರ್ಮಾನ ಮಾಡೋಣ.

ಅವಳಿಗೆ ಈ ಕೆಲಸ ಒಗ್ಗುತ್ತದಾ ಅಂತ ತಿಳಿಯಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ನಿಮ್ಮ ತೋಟಕ್ಕೆ ಕೋತಿಗಳು ಬಾರದ ದಿನ ಇರಲಿಕ್ಕಿಲ್ಲ. ಮುಂದಿನ ಸಲ ಅಟ್ಟುವ ಮೊದಲು ಅವಳಿಗೆ ಹತ್ತು ನಿಮಿಷ ಬಿಡಿ. ದೂರದಲ್ಲಿ ಕೂತು ಒಂದೇ ಕೋತಿಯನ್ನು ನೋಡಲಿ. ಚಿಂಪಾಂಜಿ ಬೆರಳ ಗೆಣ್ಣು ಊರಿ ನಡೆಯುತ್ತದೆ, ಒರಾಂಗುಟಾನ್ ನೆಲಕ್ಕಿಳಿದರೆ ಹೆಚ್ಚಾಗಿ ಮುಷ್ಟಿ ಊರುತ್ತದೆ. ಈ ಕೋತಿ ಕೈಯನ್ನು ಹೇಗೆ ಊರುತ್ತದೆ? ಹೆಂಚಿನಿಂದ ಅಡಿಕೆ ಮರಕ್ಕೆ ಹಾರುವ ಮುಂಚೆ ಭಾರ ಯಾವ ಕಾಲಿಗೆ ಹೋಗುತ್ತದೆ? ಮರಿ ಹೊಟ್ಟೆಗೆ ಅಂಟಿಕೊಂಡಿದ್ದರೆ ತಾಯಿಯ ಬೆನ್ನು ಎಷ್ಟು ಬಾಗುತ್ತದೆ? ಹೆದರಿದಾಗ ಮೊದಲು ಅಲುಗುವುದು ಕಿವಿಯೋ, ಹುಬ್ಬೋ? ಒಳಗೆ ಬಂದು ನೆನಪಿನಿಂದ ಐದಾರು ಗೆರೆಯಲ್ಲಿ ಬಿಡಿಸಲಿ. ಚಂದ ಇರಬೇಕಿಲ್ಲ, ಭಾರ ಸರಿಯಾಗಿ ಬಿದ್ದಿರಬೇಕು. ಮಾರನೇ ದಿನ ಮತ್ತೆ ನೋಡಿ ತಾನೇ ತಿದ್ದಲಿ.

ಒಂದು ತಿಂಗಳು ಹೀಗೆ ಮಾಡಿದ ಮೇಲೂ ಬೇಜಾರಾಗದೆ ಪೆನ್ಸಿಲ್ ಹಿಡಿದು ಅಂಗಳಕ್ಕೆ ಓಡುತ್ತಿದ್ದರೆ ಆ ಹಾಳೆಗಳ ಫೋಟೋ ತೆಗೆದು ನನಗೆ ಕಳಿಸಿ. ತಿದ್ದಿದ ಹಾಳೆಗಳನ್ನೂ ಕಳಿಸಿ. ನಾನು ಮೊದಲು ನೋಡುವುದು ಅವನ್ನೇ.